ಬ್ರಾಯ್ಲರ್ ಮೇವಿನ ಚಿಟಿಕೆ ಲೆಕ್ಕ

1890ರ ದಶಕ. ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಸಾಕಿದ್ದ ಕೋಳಿಗಳು ಕಾಲು ಸೋತು ಕುಸಿಯತೊಡಗಿದವು. ಸೈನಿಕ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನವೇ ಅವುಗಳ ಮೇವಾಗಿತ್ತು. ಹೊಸ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗೆ ಹಾಕಲು ಒಪ್ಪಲಿಲ್ಲ. ತೌಡು ಉಳಿದ ಅಕ್ಕಿ ಸಿಕ್ಕಿದ್ದೇ ತಡ, ಅವು ಎದ್ದು ಓಡಾಡಿದವು. ತೌಡಿನಲ್ಲಿದ್ದದ್ದು ಬಿ1 ವಿಟಮಿನ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನಿಗೆ ಏನೂ ಬರಲಿಲ್ಲ.

ಇಂದಿನ ಬ್ರಾಯ್ಲರ್ ಆರು ವಾರದೊಳಗೆ ಎರಡು ಕಿಲೋ ದಾಟುತ್ತದೆ. ಇಷ್ಟು ಅವಸರದಲ್ಲಿ ಬೆಳೆಯುವ ಮೈಗೆ ಸಣ್ಣ ಕೊರತೆಯೂ ತಡೆಯದು. ಬಿ2 ಸಾಲದ ಮರಿ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು ಹೊಟ್ಟಿನ ಮೇಲೆ ತೆವಳುತ್ತದೆ. ಬಿಸಿಲು ಬೀಳದ ಶೆಡ್ಡಿನಲ್ಲಿ ಡಿ3 ಕಡಿಮೆಯಾದರೆ ಕೊಕ್ಕು ರಬ್ಬರಿನಂತೆ ಬಾಗುತ್ತದೆ.

ಮೇವಿಗೆ ಬೆರೆಸುವ ಎಂಜೈಮಿನ ಕೆಲಸ ಬೇರೆ. ವಿಟಮಿನ್ ಇಲ್ಲದ್ದನ್ನು ತುಂಬಿದರೆ, ಎಂಜೈಮ್ ಮೇವಿನಲ್ಲಿ ಇದ್ದೂ ದಕ್ಕದ್ದನ್ನು ಬಿಡಿಸಿಕೊಡುತ್ತದೆ. ಮೆಕ್ಕೆಜೋಳ, ಸೋಯಾ ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಎಂಬ ರೂಪದಲ್ಲಿ ಸಿಕ್ಕಿಬಿದ್ದಿರುತ್ತದೆ. ಅದನ್ನು ಒಡೆಯುವ ಫೈಟೇಸ್ ಎಂಜೈಮ್ ಕೋಳಿಯ ಕರುಳಿನಲ್ಲಿ ತೀರ ಕಮ್ಮಿ. ಹೀಗಾಗಿ ಒಂದು ಕಡೆ ರಂಜಕ ಹಿಕ್ಕೆಯಲ್ಲಿ ಹೋಗುತ್ತಿರುತ್ತದೆ, ಇನ್ನೊಂದು ಕಡೆ ದುಡ್ಡು ಕೊಟ್ಟು ತಂದ ರಂಜಕದ ಪುಡಿ (ಡಿಸಿಪಿ) ಮೇವಿಗೆ ಬೀಳುತ್ತಿರುತ್ತದೆ. ಹಿಕ್ಕೆ, ಗೊಬ್ಬರಗಳ ರಂಜಕ ಕೆರೆ ಕಾಲುವೆ ಸೇರಿ ತಲೆನೋವಾಗಿದ್ದ ನೆದರ್ಲೆಂಡ್ಸ್‌ನಲ್ಲೇ 1991ರಲ್ಲಿ ಫೈಟೇಸ್ ಮಾರುಕಟ್ಟೆಗೆ ಬಂತು.

ಪ್ರಮಾಣ ನೋಡಿದರೆ ಅಚ್ಚರಿಯಾಗುತ್ತದೆ. ಗ್ರಾಂಗೆ 5,000 ಯೂನಿಟ್ ಇರುವ ಫೈಟೇಸ್ ಪುಡಿಯಾದರೆ ಒಂದು ಟನ್ ಮೇವಿಗೆ 100 ಗ್ರಾಂ ಹಾಕುವುದು ವಾಡಿಕೆ. ಅಷ್ಟನ್ನು ನೇರವಾಗಿ ಸುರಿದರೆ ಒಂದು ಚೀಲಕ್ಕೆ ಹೆಚ್ಚು, ಇನ್ನೊಂದಕ್ಕೆ ಸೊನ್ನೆ. ಮೊದಲು ಕೆಲವು ಕಿಲೋ ಜೋಳದ ನುಚ್ಚಿನಲ್ಲಿ ಕಲಸಿ, ಆಮೇಲೆ ಮಿಕ್ಸರಿಗೆ ಹಾಕಬೇಕು. ಪೆಲೆಟ್ ಯಂತ್ರದ 80 ಡಿಗ್ರಿ ದಾಟಿದ ಕಾವಿಗೆ ಸಾಧಾರಣ ಎಂಜೈಮ್ ಸಾಯುತ್ತದೆ. ಕಾವು ತಡೆಯುವ ಬಗೆಯೇ ಬೇಕು, ಇಲ್ಲವೇ ಪೆಲೆಟ್ ತಣಿದ ಮೇಲೆ ಸಿಂಪಡಿಸಬೇಕು.

ಕರ್ನಾಟಕದಲ್ಲಿ ಕರಾರಿನ ಮೇಲೆ ಕೋಳಿ ಸಾಕುವವರಿಗೆ ಮರಿಯ ಜೊತೆ ಫೀಡನ್ನೂ ಕಂಪನಿಯೇ ಕೊಡುತ್ತದೆ. ಅದರಲ್ಲಿ ವಿಟಮಿನ್ ಪ್ರೀಮಿಕ್ಸ್ ಬೆರೆತೇ ಬಂದಿರುತ್ತದೆ. ಅದರ ಮೇಲೆ ದಿನವೂ ಟಾನಿಕ್ ಕುಡಿಸುವುದು ಬಹುಮಟ್ಟಿಗೆ ದಂಡ. ಎ ವಿಟಮಿನ್ ಮಿತಿಮೀರಿದರೆ ಇ ಮತ್ತು ಡಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಡುಬೇಸಿಗೆಯ ಮಾತು ಬೇರೆ: ಸಿ ವಿಟಮಿನನ್ನು ಕೋಳಿ ತಾನೇ ತಯಾರಿಸಿಕೊಳ್ಳುತ್ತದಾದರೂ, ಬಾಯ್ತೆರೆದು ಏದುಸಿರು ಬಿಡುವ ಹೊತ್ತಿಗೆ ಅದು ಸಾಲದೆ ಬರಬಹುದು. ಆಗ ತಂಪು ಹೊತ್ತಿನಲ್ಲಿ ನೀರಿಗೆ ಬೆರೆಸಿ ಕೊಟ್ಟರೆ ಉಪಯೋಗವಿದೆ.

ಟಾನಿಕ್ ಬಾಟಲಿ ಕೊಳ್ಳುವ ಮುನ್ನ ಫೀಡ್ ಚೀಲದ ಚೀಟಿಯಲ್ಲಿ ತಯಾರಾದ ತಾರೀಖು ನೋಡಿ. ಸೆಕೆಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದ ಮೇವಿನಲ್ಲಿ ವಿಟಮಿನ್ ಅರ್ಧಕ್ಕರ್ಧ ಕರಗಿಹೋಗಿರಲೂಬಹುದು.