ಕಲ್ನಾರಿನ ಕ್ಯಾನ್ಸರ್: ಉಳಿದ ದಿನಗಳ ಲೆಕ್ಕ

ಮುಂಬಯಿಯ ವಡಾಲದಿಂದ ಹಾರ್ಬರ್ ರೈಲುಮಾರ್ಗದಲ್ಲಿ ದಕ್ಷಿಣಕ್ಕೆ ಕೆಲವೇ ನಿಲ್ದಾಣಗಳಾಚೆ ಇರುವ ದಾರುಖಾನಾದಲ್ಲಿ ದಶಕಗಳ ಕಾಲ ಹಳೆಯ ಹಡಗುಗಳನ್ನು ಒಡೆಯಲಾಗಿದ್ದು, ಅವುಗಳ ಬಾಯ್ಲರು ಮತ್ತು ಉಗಿಕೊಳವೆಗಳಿಗೆ ಸುತ್ತಿರುತ್ತಿದ್ದ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಕೀಳುವಾಗ ಕಣ್ಣಿಗೆ ಕಾಣದ ಎಳೆಗಳಾಗಿ ಗಾಳಿಗೆ ಸೇರುತ್ತಿತ್ತು. ಉಸಿರಿನೊಡನೆ ಒಳಹೊಕ್ಕ ಈ ಸೂಜಿಯಂಥ ಎಳೆಗಳನ್ನು ದೇಹದ ರಕ್ಷಕ ಕೋಶಗಳು ಜೀರ್ಣಿಸಿಕೊಳ್ಳಲಾರವು. ವರ್ಷಗಟ್ಟಲೆ ನಡೆಯುವ ಉರಿಯೂತದ ಕೊನೆಗೆ, ಸಾಮಾನ್ಯವಾಗಿ 20ರಿಂದ 50 ವರ್ಷಗಳ ತರುವಾಯ, ಶ್ವಾಸಕೋಶವನ್ನು ಹೊದ್ದಿರುವ ತೆಳುಪೊರೆಯಲ್ಲಿ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ತಲೆದೋರಬಹುದು. ಅದು ಗಂಟಾಗಿ ಬೆಳೆಯದೆ ಪೊರೆಯುದ್ದಕ್ಕೂ ಹರಡಿಕೊಳ್ಳುವುದರಿಂದ, ಎದೆಯಲ್ಲಿ ನೀರು ತುಂಬಿ ಏದುಸಿರು ಹತ್ತುವ ಹೊತ್ತಿಗೆ ಪೂರ್ಣವಾಗಿ ಕತ್ತರಿಸಿ ತೆಗೆಯುವ ಅವಕಾಶ ಬಹುಮಟ್ಟಿಗೆ ಕಳೆದುಹೋಗಿರುತ್ತದೆ.

ಇಂಥ ರೋಗಿಗೆ ಒಂದು ವರ್ಷ, ಒಂದೂವರೆ ವರ್ಷ ಎಂದು ಹೇಳಲಾಗುವ ಅವಧಿ ಮಧ್ಯಾಂಕ, ಅಂದರೆ ರೋಗಿಗಳಲ್ಲಿ ಅರ್ಧದಷ್ಟು ಜನ ಅದನ್ನು ದಾಟುತ್ತಾರೆ, ಅರ್ಧದಷ್ಟು ಜನ ದಾಟುವುದಿಲ್ಲ ಎಂಬ ಗೆರೆಯೇ ಹೊರತು ಒಬ್ಬೊಬ್ಬರಿಗೂ ಬರೆದಿಟ್ಟ ಗಡುವಲ್ಲ. 1982ರಲ್ಲಿ ಉದರಪೊರೆಯ ಮೀಸೊಥೀಲಿಯೋಮ ಪತ್ತೆಯಾದ ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್, ಎಂಟು ತಿಂಗಳ ಮಧ್ಯಾಂಕವನ್ನು ಓದಿಯೂ ಇನ್ನೂ 20 ವರ್ಷ ಬದುಕಿ, ಕಡೆಗೆ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಅವರದು ವಿರಳ ಉದಾಹರಣೆ ಎಂಬುದನ್ನೂ ಮರೆಯುವಂತಿಲ್ಲ.

ಗೆರೆಯ ಯಾವ ಬದಿಗೆ ರೋಗಿ ಬೀಳುತ್ತಾರೆಂಬುದು ಬಹುಪಾಲು ಕೋಶದ ಬಗೆಯನ್ನು ಅವಲಂಬಿಸಿದೆ: ದೇಹದ ಮೇಲ್ಮೈಗಳನ್ನು ಹೊದ್ದಿರುವ ಕೋಶಗಳನ್ನು ಹೋಲುವ ಎಪಿಥೀಲಿಯಾಯ್ಡ್ ಬಗೆ ಚಿಕಿತ್ಸೆಗೆ ಮಣಿಯುವಷ್ಟು ಕದಿರಿನಾಕಾರದ ಕೋಶಗಳ ಸಾರ್ಕೊಮಟಾಯ್ಡ್ ಬಗೆ ಮಣಿಯುವುದಿಲ್ಲ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಿಸ್‌ಪ್ಲಾಟಿನ್ ಎಂಬ ಔಷಧದ ಜೊತೆ ಪೆಮೆಟ್ರೆಕ್ಸೆಡ್ ಸೇರಿಸಿದಾಗ ಮಧ್ಯಾಂಕ 9.3ರಿಂದ 12.1 ತಿಂಗಳಿಗೆ ಏರಿತು. ದೇಹದ ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಸಡಿಲಿಸುವ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟ 2021ರ ಅಧ್ಯಯನದಲ್ಲಿ ಅದು 18.1 ತಿಂಗಳಾಯಿತು. ಲಾಭ ತಿಂಗಳುಗಳದ್ದು, ಬೆಲೆಯೋ ಕೂಲಿಯವನ ಕೈಗೆಟುಕದ್ದು.

ಕಲ್ನಾರಿನಿಂದ ಶ್ವಾಸಕೋಶದ ಒಳಗೇ ಹುಟ್ಟುವ ಕ್ಯಾನ್ಸರಿನ ಲೆಕ್ಕ ಬೇರೆ. ಬೀಡಿ, ಸಿಗರೇಟು ಅದರ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತವೆ, ಮೀಸೊಥೀಲಿಯೋಮಕ್ಕೆ ಮಾತ್ರ ಅವುಗಳ ನಂಟಿಲ್ಲ.

ವಡಾಲಕ್ಕೆ ಸಮೀಪದ ಪರೇಲಿನಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆ ಇದ್ದರೂ, ಮೂವತ್ತು ವರ್ಷ ಹಿಂದೆ ಮಾಡಿದ ಕೆಲಸವನ್ನು ರೋಗಿ ತಾನಾಗಿ ಹೇಳದಿದ್ದರೆ, ವೈದ್ಯರೂ ಕೇಳದಿದ್ದರೆ, ಏದುಸಿರು ಕ್ಷಯವೆಂದೇ ಔಷಧ ಪಡೆದು ಕಾಲ ಕಳೆಯಬಹುದು. ಕಲ್ನಾರು ಉದ್ದಿಮೆಯ ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಆದೇಶಿಸಿದ್ದು ರೋಗದ ಈ ದೀರ್ಘ ಮೌನವನ್ನು ಅರಿತದ್ದರಿಂದಲೇ. ಆದರೆ ಹಾಜರಿ ಪುಸ್ತಕವೇ ಇಲ್ಲದೆ ಗುತ್ತಿಗೆಯಲ್ಲಿ ಹಡಗು ಒಡೆದವರಿಗೆ ಆ ದಾಖಲೆ ಎಲ್ಲಿಂದ ಬಂದೀತು?