ವೈಯಕ್ತಿಕ ಜಾಲತಾಣಕ್ಕೆ ಹೆಸರು ಮತ್ತು ಮಿತವ್ಯಯದ ಡೊಮೈನ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಸ್ವಂತ ಜಾಲತಾಣ ಹೊಂದಲು ಇಚ್ಛಿಸುವ ನಾಗರಿಕರು ಮೊದಲು ತಿಳಿಯಬೇಕಾದ ಅಂಶವೆಂದರೆ, ಡೊಮೈನ್ ಹೆಸರನ್ನು ಶಾಶ್ವತವಾಗಿ ಖರೀದಿಸಲು ಬರುವುದಿಲ್ಲ. ಅದು 1ರಿಂದ 10 ವರ್ಷಗಳ ಅವಧಿಗೆ ಮಾತ್ರ ನೋಂದಣಿಯಾಗುತ್ತದೆ. ಅವಧಿ ಮುಗಿಯುವ ಮುನ್ನ ನವೀಕರಿಸತಕ್ಕದ್ದು. ಪುಟಗಳನ್ನು ಇರಿಸುವ ಹೋಸ್ಟಿಂಗ್ ಸೇವೆಯ ಶುಲ್ಕವು ಇದರಿಂದ ಪ್ರತ್ಯೇಕವಾದುದು.

ಹೆಸರಿನಲ್ಲಿ ರೋಮನ್ ಅಕ್ಷರ, ಅಂಕಿ ಹಾಗೂ ಅಡ್ಡಗೆರೆಯನ್ನು ಬಳಸಬಹುದು. ಅಡ್ಡಗೆರೆಯು ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಬರುವಂತಿಲ್ಲ. ಗರಿಷ್ಠ ಮಿತಿ 63 ಅಕ್ಷರಗಳಾದರೂ ಅಷ್ಟು ಉದ್ದದ ಹೆಸರು ಯಾರಿಗೂ ನೆನಪಿರದು. ಕನ್ನಡದ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ‘ಲಕ್ಷ್ಮಿ’ ಎಂಬುದನ್ನು ಕೆಲವರು ‘ಕೆಎಸ್‌ಎಚ್’ನಿಂದ, ಕೆಲವರು ‘ಎಕ್ಸ್’ನಿಂದ ಬರೆಯುತ್ತಾರೆ, ‘ವಿಶ್ವನಾಥ’ದಲ್ಲಿ ‘ಡಬ್ಲ್ಯು’ ಬರುವುದೂ ಉಂಟು, ‘ವಿ’ ಬರುವುದೂ ಉಂಟು. ಆದುದರಿಂದ ಆಯ್ದ ಹೆಸರನ್ನು ದೂರವಾಣಿಯಲ್ಲಿ ಒಮ್ಮೆ ಮಾತ್ರ ಹೇಳಿ, ಕೇಳಿದವರು ಸರಿಯಾಗಿ ಬರೆದುಕೊಳ್ಳುವರೇ ಎಂದು ಪರೀಕ್ಷಿಸುವುದು ಸೂಕ್ತ.

ಡಾಟ್ ಇನ್ ಡೊಮೈನ್‌ಗಳ ನೋಂದಣಿ ವ್ಯವಸ್ಥೆಯನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ (ನಿಕ್ಸಿ) ನಿರ್ವಹಿಸುತ್ತಿದ್ದು, 2005ರಲ್ಲಿ ಅದು ಸಾರ್ವಜನಿಕರಿಗೆ ವ್ಯಾಪಕವಾಗಿ ಮುಕ್ತವಾಯಿತು. ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳ ಮೂಲಕ ನೋಂದಾಯಿಸಬೇಕು. ವ್ಯಕ್ತಿಗಳ ಬಳಕೆಯನ್ನು ಉದ್ದೇಶಿಸಿದ ‘ಡಾಟ್ ಐಎನ್‌ಡಿ ಡಾಟ್ ಇನ್’ ಎಂಬ ಉಪವಿಭಾಗವೂ ಇದ್ದು, ಬೇಕಾದ ಹೆಸರು ಬೇರೆಡೆ ದೊರೆಯದಿದ್ದಲ್ಲಿ ಇಲ್ಲಿ ಪ್ರಯತ್ನಿಸಬಹುದು. ಡಾಟ್ ಭಾರತ ಅಡಿಯಲ್ಲಿ ಕನ್ನಡ ಲಿಪಿಯಲ್ಲೇ ಹೆಸರು ಪಡೆಯಲು ಅವಕಾಶವಿದೆ. ಆದರೆ ಅಂತಹ ಹೆಸರಿನ ಇ-ಮೇಲ್ ವಿಳಾಸವನ್ನು ಅನೇಕ ಅರ್ಜಿ ನಮೂನೆಗಳು ಸ್ವೀಕರಿಸುವುದಿಲ್ಲವಾದ್ದರಿಂದ, ರೋಮನ್ ಹೆಸರೊಂದನ್ನು ಜೊತೆಗಿಟ್ಟುಕೊಳ್ಳುವುದು ಅನುಕೂಲಕರ.

ಮೊದಲ ವರ್ಷದ ರಿಯಾಯಿತಿ ದರವನ್ನು ಮಾತ್ರ ನೋಡಿ ನಿರ್ಧರಿಸಬಾರದು. ಎರಡನೆಯ ವರ್ಷದ ನವೀಕರಣ ಶುಲ್ಕವು ಹಲವು ಪಟ್ಟು ಹೆಚ್ಚಿರುವ ಸಂದರ್ಭಗಳು ಸಾಮಾನ್ಯ. ಅಪರಿಚಿತ ಹೊಸ ವಿಸ್ತರಣೆಗಳಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಐದು ವರ್ಷಗಳ ಒಟ್ಟು ವೆಚ್ಚವನ್ನು ತೆರಿಗೆ ಸಹಿತ ಲೆಕ್ಕ ಹಾಕಿದಾಗಲೇ ನಿಜವಾಗಿ ಅಗ್ಗವಾದುದು ಯಾವುದೆಂದು ತಿಳಿಯುತ್ತದೆ.

ನೋಂದಣಿಯು ಕಡ್ಡಾಯವಾಗಿ ಅರ್ಜಿದಾರರ ಸ್ವಂತ ಹೆಸರಿನಲ್ಲಿರಬೇಕು. ಜಾಲತಾಣ ರೂಪಿಸಿಕೊಡುವವರು ಅಥವಾ ಪರಿಚಿತರು ತಮ್ಮ ಖಾತೆಯಲ್ಲಿಯೇ ನೋಂದಾಯಿಸಿದಲ್ಲಿ, ಹಣ ತಾವು ಪಾವತಿಸಿದ್ದರೂ ದಾಖಲೆಯಂತೆ ಹೆಸರು ಅವರದಾಗಿರುತ್ತದೆ. ಸಂಪರ್ಕಕ್ಕಾಗಿ ನೀಡುವ ಇ-ಮೇಲ್ ಅದೇ ಡೊಮೈನ್‌ಗೆ ಸೇರಿದ್ದಾಗಿರಬಾರದು. ಡೊಮೈನ್ ಸ್ಥಗಿತಗೊಂಡರೆ ಆ ಇ-ಮೇಲ್ ಸಹ ನಿಲ್ಲುವುದರಿಂದ ನವೀಕರಣದ ಸೂಚನೆ ತಮಗೆ ತಲುಪುವುದೇ ಇಲ್ಲ.

ಅವಧಿ ಮೀರಿದ ಹೆಸರನ್ನು ಕೆಲಕಾಲ, ಬಹುಪಾಲು ಹೆಚ್ಚುವರಿ ಶುಲ್ಕದೊಂದಿಗೆ, ಮರಳಿ ಪಡೆಯಬಹುದು. ಆನಂತರ ಅದನ್ನು ಯಾರು ಬೇಕಾದರೂ ನೋಂದಾಯಿಸಬಹುದಾಗಿದ್ದು, ಹಳೆಯ ಇ-ಮೇಲ್ ವಿಳಾಸಕ್ಕೆ ಬರುವ ಬ್ಯಾಂಕ್ ಪತ್ರಗಳು ಹೊಸಬರ ಕೈಸೇರುವ ಅಪಾಯವಿದೆ. ಹೆಸರನ್ನು ಬಿಟ್ಟುಕೊಡುವವರು ಮುಂಚಿತವಾಗಿಯೇ ಬ್ಯಾಂಕ್ ಮುಂತಾದೆಡೆ ಇ-ಮೇಲ್ ವಿಳಾಸವನ್ನು ಬದಲಾಯಿಸಿಕೊಳ್ಳತಕ್ಕದ್ದು.