ಗೋಡೆ, ಕುರ್ಚಿ, ಸುತ್ತಿದ ಟವೆಲು

ಬೆಳಗಿನ ಆರು ಗಂಟೆಗೆ ಮೈಸೂರಿನ ಸರಸ್ವತಿಪುರಂ ಅಡ್ಡರಸ್ತೆಗಳಲ್ಲಿ ಮೊದಲು ಕಿವಿಗೆ ಬೀಳುವುದು ಕಡ್ಡಿಪೊರಕೆಯ ಸದ್ದು. ಒಂದು ಗೇಟಿನ ಮುಂದೆ ಗುಡಿಸಿ, ನೀರು ಚಿಮುಕಿಸಿ, ಸದ್ದು ಅಡಗುವ ಹೊತ್ತಿಗೆ ಪಕ್ಕದ ಗೇಟಿನ ಮುಂದೆ ಅದು ಶುರುವಾಗಿರುತ್ತದೆ. ನಂದಿನಿ ಹಾಲಿನ ಅಂಗಡಿಯ ಮುಂದೆ ನೀಲಿ ಕ್ರೇಟುಗಳು ಒಂದರ ಮೇಲೊಂದು ಕೂತಿವೆ. ಹಸಿ ಮಣ್ಣಿನ ವಾಸನೆಯ ಜೊತೆಗೆ ಯಾರದೋ ಅಡುಗೆಮನೆಯಿಂದ ಡಿಕಾಕ್ಷನ್ನಿನ ಘಮ ತೇಲಿ ಬರುತ್ತಿದೆ. ಸುತ್ತಿದ ಯೋಗದ ಚಾಪೆಯನ್ನು ಹೆಗಲಿಗೆ ನೇತುಹಾಕಿಕೊಂಡ ಹುಡುಗ ಹುಡುಗಿಯರು ಸ್ಕೂಟರಿನಲ್ಲಿ ಗೋಕುಲಂ ಕಡೆಗೆ ಹೋಗುತ್ತಿದ್ದಾರೆ. ಅವರ ಯೋಗ ಬೇರೆ; ಜಿಗಿಯುವುದು, ತಲೆಕೆಳಗೆ ನಿಲ್ಲುವುದು, ಬೆವರು ಹರಿಸುವುದು. ನಾವು ಅವರ ಹಿಂದೆ ಹೋಗುವುದು ಬೇಡ. ಬನ್ನಿ, ಈ ಹಳೆಯ ಮನೆಯ ಗೇಟು ತೆಗೆದು ಒಳಗೆ ಹೋಗೋಣ. ಚಪ್ಪಲಿ ಇಲ್ಲೇ ಬಿಡಿ.

ಬೀದಿಯವರೆಲ್ಲ ಟೀಚರಮ್ಮ ಎಂದು ಕರೆಯುವ ಈ ಮನೆಯ ಒಡತಿ ನಿವೃತ್ತ ಶಾಲಾ ಶಿಕ್ಷಕಿ. ದಶಕಗಳ ಕಾಲ ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡಿದ ಕಾಲುಗಳು ಅವರವು; ನೋವು ಮಂಡಿಯದು. ನಡುಮನೆಯ ಕೆಂಪು ಗಾರೆನೆಲ ಇನ್ನೂ ತಣ್ಣಗಿದೆ. ಟೀಪಾಯಿಯನ್ನು ಮೂಲೆಗೆ ಸರಿಸಿ, ಅದರ ಜಾಗದಲ್ಲಿ ಚಾಪೆ ಹಾಸಿದ್ದಾರೆ. ಗೋಡೆಗೆ ಬೆನ್ನು ಕೊಟ್ಟು ಕೈಗಳಿಲ್ಲದ ಒಂದು ಮರದ ಕುರ್ಚಿ ನಿಂತಿದೆ, ನಾಲ್ಕೂ ಕಾಲು ಚಾಪೆಯ ಮೇಲೆಯೇ, ಜಾರದಂತೆ. ಪಕ್ಕದಲ್ಲಿ ಮಡಿಸಿದ ಎರಡು ಕಂಬಳಿ, ಎರಡು ದಿಂಬು, ಒಂದು ದಪ್ಪ ಸ್ನಾನದ ಟವೆಲು, ಹಳೆಯ ಹತ್ತಿ ಸೀರೆಯಿಂದ ಹರಿದ ಉದ್ದನೆಯ ಪಟ್ಟಿ. ಯೋಗಕ್ಕೆಂದು ಹಣ ಕೊಟ್ಟು ತಂದದ್ದು ಚಾಪೆಯೊಂದೇ. ಮಿಕ್ಕದ್ದೆಲ್ಲ ಮನೆಯಲ್ಲೇ ಇತ್ತು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳೂ ಇವೆ. ಅವುಗಳ ಕಾಲು ಭಾರಕ್ಕೆ ಅಗಲುತ್ತವೆ, ಆದ್ದರಿಂದ ಈ ಕೆಲಸಕ್ಕೆ ಅವು ಬೇಡ ಎಂದು ಯೋಗದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರಂತೆ.

ಮೇಷ್ಟ್ರು ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಸದ್ದಿಗೇ ಟೀಚರಮ್ಮ ಕುರ್ಚಿಯಲ್ಲಿ ಕೂತು ಕಾಲು ಆಡಿಸಲು ಶುರು ಮಾಡಿದ್ದಾರೆ. ಬಲಗಾಲು ಮೆಲ್ಲಗೆ ಮುಂದಕ್ಕೆ ಚಾಚುತ್ತದೆ, ಮೆಲ್ಲಗೆ ಇಳಿಯುತ್ತದೆ, ಆಮೇಲೆ ಎಡಗಾಲು. ಮೌನದಲ್ಲಿ ಮಂಡಿಯ ಸದ್ದು ನಮಗೂ ಕೇಳಿಸುತ್ತದೆ, ಕಟ್, ಕಟ್.

“ನೋವಿದೆಯಾ ಅಮ್ಮಾ?”

“ಇಲ್ಲ ಮೇಷ್ಟ್ರೇ, ಬರೀ ಸದ್ದು.”

“ಹಾಗಾದ್ರೆ ಯೋಚನೆ ಬೇಡ.”

ನೋವಿಲ್ಲದ, ಊತವಿಲ್ಲದ ಬರೀ ಸದ್ದಿಗೆ ಹೆದರಬೇಕಾಗಿಲ್ಲ. ಬೆಳಗ್ಗೆ ಎದ್ದಾಗ ಹಿಡಿದುಕೊಂಡಂತಿದ್ದ ಮಂಡಿ ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲವಾಗುವುದಕ್ಕೂ ಕಾರಣವಿದೆ. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆಯ ತುದಿಗಳಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲಿನೊಳಗೆ ಊರುವ ಅಂಟು ದ್ರವವೇ ಅದಕ್ಕೆ ಆಹಾರ. ಕಾಲು ಆಡಿದಾಗ ಮೃದ್ವಸ್ಥಿ ಒತ್ತಿ ಬಿಟ್ಟು, ಆ ದ್ರವವನ್ನು ಒಳಗೆಳೆದುಕೊಳ್ಳುತ್ತದೆ. ನೋವೆಂದು ಮಂಡಿಯನ್ನು ಆಡಿಸದೆ ಇಟ್ಟರೆ ಅದಕ್ಕೆ ಸಿಗುವ ಊಟವೂ ಕಡಿಮೆಯಾಗುತ್ತದೆ. ಟೀಚರಮ್ಮನ ಕಾಲು ಹೀಗೆ ಆಡುತ್ತಿರುವುದು ಅದಕ್ಕಾಗಿ. ಯಾವ ಆಸನದ ಹೆಸರೂ ಇಲ್ಲದ ಈ ಐದು ನಿಮಿಷವನ್ನು ಮೇಷ್ಟ್ರು ಯಾವತ್ತೂ ಬಿಡಗೊಡುವುದಿಲ್ಲ.

ಈಗ ಟೀಚರಮ್ಮ ಗೋಡೆಗೆ ಒರಗಿ, ಮಡಿಸಿದ ಕಂಬಳಿಯ ಮೇಲೆ ಕೂತು ಕಾಲು ನೀಡಿದ್ದಾರೆ. ದಂಡಾಸನ. ಬಲ ಮಂಡಿಯ ಹಿಂದಿನ ಕುಳಿಗೆ ಸುತ್ತಿದ ಟವೆಲು ಸೇರಿಸಿ, ಅದನ್ನು ನೆಲಕ್ಕೆ ಒತ್ತುತ್ತಾರೆ. ಸ್ವಲ್ಪ ಹತ್ತಿರ ಬಂದು ನೋಡಿ. ಚೂಡಿದಾರದ ತೆಳು ಬಟ್ಟೆಯಡಿ ಮಂಡಿಚಿಪ್ಪು ಒಂದು ಬೆರಳಿನಷ್ಟು ಮೇಲಕ್ಕೆ ಸರಿಯುತ್ತದೆ. ಅದರ ಮೇಲ್ಗಡೆ, ತೊಡೆಯ ಮುಂಭಾಗದಲ್ಲಿ, ಅದುವರೆಗೆ ಸಪ್ಪಗಿದ್ದ ಮಾಂಸಖಂಡ ಗಟ್ಟಿಯಾಗಿ ಉಬ್ಬಿ ನಿಲ್ಲುತ್ತದೆ. ಹಿಮ್ಮಡಿ ನೆಲದಿಂದ ಕೂದಲೆಳೆಯಷ್ಟು ಏಳುತ್ತದೆ. ಐದು ಎಣಿಸುವವರೆಗೆ ಹಾಗೇ ಇದ್ದು, ಉಸಿರು ಬಿಡುತ್ತಾ ಸಡಿಲಿಸುತ್ತಾರೆ. ಮೇಷ್ಟ್ರು ಉಸಿರನ್ನು ಮಾತ್ರ ಗಮನಿಸುತ್ತಿದ್ದಾರೆ. “ಉಸಿರು ಕಟ್ಟಬೇಡಿ ಅಮ್ಮಾ, ಬಿಡ್ತಾ ಒತ್ತಿ.”

ಹೊರಗಿನಿಂದ ನೋಡಿದವರಿಗೆ ಇದು ಯೋಗವೇ ಎನಿಸದಿರಬಹುದು. ಆದರೆ ನೋಯುವ ಮಂಡಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಇಳಿಯುವಾಗ ಮಂಡಿಯ ಮೇಲೆ ಬೀಳುವುದು ದೇಹದ ತೂಕದ ಸುಮಾರು ಮೂರು ಪಟ್ಟು ಭಾರ. ತೊಡೆಯ ಸ್ನಾಯು ಗಟ್ಟಿಯಿದ್ದರೆ ಆ ಭಾರದಲ್ಲಿ ಒಂದು ಪಾಲನ್ನು ಅದು ಹೊರುತ್ತದೆ; ಸೊರಗಿದ್ದರೆ ಪೂರ್ತಿ ಹೊರೆ ಕೀಲಿಗೇ. ನೋವೆಂದು ನಡೆಯುವುದು ಬಿಟ್ಟವರ ತೊಡೆ ಮತ್ತಷ್ಟು ಸೊರಗುತ್ತದೆ, ಮಂಡಿ ಮತ್ತಷ್ಟು ನೋಯುತ್ತದೆ. ಈ ಸುತ್ತನ್ನು ತುಂಡರಿಸಲು ಟವೆಲು ಸಾಕು.

ಅಡುಗೆಮನೆಯಲ್ಲಿ ಕುಕ್ಕರ್ ಮೊದಲ ಸೀಟಿ ಹೊಡೆಯಿತು. ಟೀಚರಮ್ಮ ಕುರ್ಚಿಗೆ ಮರಳಿದರು. ಕೂರುವುದು, ಏಳುವುದು, ಮತ್ತೆ ಕೂರುವುದು: ಅಷ್ಟೇ. ಏಳುವಾಗ ಮಂಡಿಗಳೆರಡೂ ಒಳಕ್ಕೆ ವಾಲಿ ಒಂದಕ್ಕೊಂದು ತಾಗಲು ನೋಡುತ್ತವೆ. “ಮಂಡಿ ಹೆಬ್ಬೆರಳ ಪಕ್ಕದ ಬೆರಳಿನ ಕಡೆ ನೋಡ್ಲಿ,” ಎನ್ನುತ್ತಾರೆ ಮೇಷ್ಟ್ರು, ಮುಟ್ಟದೆ, ತಮ್ಮ ಮಂಡಿಯಲ್ಲೇ ತೋರಿಸುತ್ತಾ. ಮೊದಮೊದಲು ಕೂರುವ ಜಾಗದ ಮೇಲೆ ಒಂದು ದಿಂಬು ಇಟ್ಟಿದ್ದರು. ಕುರ್ಚಿ ಎತ್ತರವಾದಷ್ಟೂ ಮಂಡಿ ಕಡಿಮೆ ಬಾಗಿದರೆ ಸಾಕು. ಈಗ ದಿಂಬು ಬೇಕಾಗಿಲ್ಲ. ಕೈ ಊರದೆ ಅವರು ಮೇಲೇಳುತ್ತಾರೆ; ಕೂರುವಾಗ ದೊಪ್ಪನೆ ಬೀಳದೆ, ಸದ್ದಿಲ್ಲದೆ ಇಳಿಯುತ್ತಾರೆ. ಇಳಿಯುವುದೇ ಕಷ್ಟದ ಕೆಲಸ, ತೊಡೆಗೆ ಬಲ ಬರುವುದೂ ಅಲ್ಲೇ.

ಕುರ್ಚಿ ಹಿಡಿದು ಯೋಗ ಮಾಡುವುದು ಕೈಲಾಗದವರ ಪಾಡು ಎಂದು ಮೂಗೆಳೆಯುವವರು ಇದೇ ಊರಿನ ಚರಿತ್ರೆಯನ್ನು ನೋಡಬೇಕು. ಇಲ್ಲಿಂದ ಸ್ವಲ್ಪ ದೂರದ ಜಗನ್ಮೋಹನ ಅರಮನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಹೊರಬಂತು. ಅದೇ 1934ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನವನಾದ ಒಬ್ಬ ಬಡಕಲು ಹುಡುಗ ಅಕ್ಕನ ಮನೆಗೆಂದು ಮೈಸೂರಿಗೆ ಬಂದ. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಮೈ. ಕೃಷ್ಣಮಾಚಾರ್ಯರು ಅವನಿಗೆ ಭಾವ. 1937ರಲ್ಲಿ ಯೋಗ ಕಲಿಸಲು ಪುಣೆಗೆ ಹೋದ ಆ ಹುಡುಗನೇ ಮುಂದೆ ಲೋಕಕ್ಕೆಲ್ಲ ಗೊತ್ತಾದ ಬಿ.ಕೆ.ಎಸ್. ಅಯ್ಯಂಗಾರ್. ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕಂಬಳಿ, ದಿಂಬುಗಳನ್ನು ಆಸನದ ಅಂಗವಾಗಿಸಿ, ಮೈ ಬಾಗದವರಿಗೂ ವಯಸ್ಸಾದವರಿಗೂ ಕಾಯಿಲೆಯವರಿಗೂ ದಾರಿ ಮಾಡಿಕೊಟ್ಟವರು ಅವರು. ಕಷ್ಟದ ಆಸನಗಳನ್ನೂ ಕರಗತ ಮಾಡಿಕೊಂಡಿದ್ದವರೇ ಕುರ್ಚಿಗೆ ಅಷ್ಟು ಬೆಲೆ ಕೊಟ್ಟ ಮೇಲೆ, ನಾವು ನಾಚಿಕೊಳ್ಳುವುದಕ್ಕೆ ಏನಿದೆ?

ಅಷ್ಟರಲ್ಲಿ ನೋಡಿ, ಟೀಚರಮ್ಮ ಕುರ್ಚಿಯ ಮೇಲೆ ಪಕ್ಕಕ್ಕೆ ತಿರುಗಿ ವೀರಭದ್ರಾಸನಕ್ಕೆ ಸಿದ್ಧರಾಗಿದ್ದಾರೆ. ಬಾಗಿದ ಬಲತೊಡೆ ಕುರ್ಚಿಯ ಮೇಲೆ ಕೂತಿದೆ, ಎಡಗಾಲು ಹಿಂದಕ್ಕೆ ನೀಳವಾಗಿ ಚಾಚಿದೆ, ತೋಳುಗಳು ಎರಡೂ ಕಡೆ ಹರಡಿವೆ. ಕಿಟಕಿಯ ಸರಳುಗಳಿಂದ ಬಿದ್ದ ಬಿಸಿಲು ಅವರ ಬೆರಳ ತುದಿಗೆ ತಾಗುತ್ತಿದೆ. ಮಂಡಿ ನೇರ ಹಿಮ್ಮಡಿಯ ಮೇಲಿದೆ, ಬೆರಳುಗಳನ್ನು ದಾಟಿ ಮುಂದೆ ಹೋಗಿಲ್ಲ. ಭಾರವನ್ನೆಲ್ಲ ಕುರ್ಚಿ ಹೊತ್ತಿರುವುದರಿಂದ ಮುಖದಲ್ಲಿ ಒಂದು ಗಂಟೂ ಇಲ್ಲ. ತ್ರಿಕೋನಾಸನದಲ್ಲಿ ಮಾತ್ರ ಮೇಷ್ಟ್ರು ಒಮ್ಮೆ ದನಿ ಎತ್ತಿದರು: “ಮಂಡಿ ಹಿಂದಕ್ಕೆ ತಳ್ಳಿ ಬಿಗಿ ಮಾಡ್ಬೇಡಿ, ಒಂಚೂರು ಸಡಿಲ ಇರಲಿ.” ಕಾಲು ನೆಟ್ಟಗಿರಬೇಕೆಂಬ ಹಟದಲ್ಲಿ ಹಲವರು ಮಂಡಿಯನ್ನು ಹಿಂದಕ್ಕೆ ಬಾಗಿಸಿ ಅದರ ಮೇಲೆ ನೇತಾಡುತ್ತಾರೆ, ಆಗ ಸ್ನಾಯು ಮಲಗಿಬಿಡುತ್ತದೆ, ಕೀಲು ಒಂಟಿಯಾಗುತ್ತದೆ.

ಸೂರ್ಯನಮಸ್ಕಾರವೂ ಕುರ್ಚಿಯ ಮುಂದೆಯೇ. ಕೈಗಳು ನೆಲದ ಬದಲು ಕುರ್ಚಿಯ ಮೇಲೆ ಊರುತ್ತವೆ. ಒಂದು ಮಂಡಿಯನ್ನು ನೆಲಕ್ಕೆ ಊರುವ ಹಂತ, ಸಾಷ್ಟಾಂಗದಂತೆ ಎರಡೂ ಮಂಡಿ ನೆಲ ಮುಟ್ಟುವ ಹಂತ, ಎರಡನ್ನೂ ಬಿಟ್ಟಿದ್ದಾರೆ. ಗಾರೆನೆಲವಾಗಲಿ ಗ್ರಾನೈಟ್ ಆಗಲಿ, ತೆಳು ಚಾಪೆಯ ಮೇಲೆ ಮಂಡಿಚಿಪ್ಪು ಊರಿದರೆ ಅದು ಸಹಿಸುವುದಿಲ್ಲ.

ಎದುರುಮನೆಯ ರಾಯರು ಪೇಪರ್ ಹಿಡಿದು ಜಗಲಿಗೆ ಬಂದು ಕೂತರು. ಬ್ಯಾಂಕಿನಿಂದ ನಿವೃತ್ತರಾದವರು. ಊಟವಾದ ಮೇಲೆ ವಜ್ರಾಸನದಲ್ಲಿ ಕೂತರೆ ಜೀರ್ಣಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ, ಹಲ್ಲುಕಚ್ಚಿ ದಿನಾ ಕೂತರು. ಮಂಡಿ ಊದಿ, ವಾರಗಟ್ಟಲೆ ಕೋಲು ಹಿಡಿದು ನಡೆದರು. ಮಂಡಿ ಪೂರ್ತಿ ಮಡಿಚಿದಾಗ ಚಿಪ್ಪು ತೊಡೆಮೂಳೆಗೆ ಬಲವಾಗಿ ಒತ್ತುತ್ತದೆ; ಸವೆದ ಕೀಲಿಗೆ ಅದು ಶಿಕ್ಷೆ. ಕೂರಲೇಬೇಕೆಂದಿದ್ದರೆ ಹಿಮ್ಮಡಿಗೂ ಕುಂಡೆಗೂ ನಡುವೆ ದಪ್ಪ ದಿಂಬು ಇಟ್ಟುಕೊಳ್ಳಬಹುದು. ಆಗಲೂ ನೋವಾದರೆ ಆ ಆಸನವನ್ನು ಬಿಟ್ಟುಬಿಡುವುದೇ ಸರಿ. ಮಾಲಾಸನದಂತೆ ಕುಕ್ಕರಗಾಲಿನಲ್ಲಿ ಕೂರುವುದಕ್ಕೂ ಇದೇ ಮಾತು. ಟೀಚರಮ್ಮ ಈಗ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿ, ತರಕಾರಿಯನ್ನು ಮೇಜಿನ ಮೇಲೆ ಹೆಚ್ಚುತ್ತಾರೆ. ರಂಗೋಲಿಯನ್ನು ಪುಟ್ಟ ಸ್ಟೂಲಿನ ಮೇಲೆ ಕೂತು ಬಿಡಿಸುತ್ತಾರೆ. ಬೆಳಗ್ಗೆ ಅರ್ಧ ಗಂಟೆ ಮಂಡಿಯನ್ನು ಕಾಪಾಡಿ, ಮಿಕ್ಕ ದಿನವೆಲ್ಲ ಕುಕ್ಕರಗಾಲಿನಲ್ಲಿ ಕೂತರೆ ಏನು ಬಂತು?

“ಮೇಷ್ಟ್ರೇ, ನಮಗೂ ಪದ್ಮಾಸನ ಹಾಕಿಸಿ ಅಂದ್ರೆ ಇವರು ಹಾಕಿಸೋದೇ ಇಲ್ಲ,” ರಾಯರು ನಮ್ಮ ಕಡೆ ತಿರುಗಿ ದೂರುತ್ತಾರೆ.

ಮೇಷ್ಟ್ರು ನಗುತ್ತಾ ಬಾಗಿಲ ಬಳಿ ಹೋಗಿ, ತಿರುಗಣಿಯ ಮೇಲೆ ಬೆರಳಿಟ್ಟರು. ಮಂಡಿಯೂ ಬಾಗಿಲಿನ ತಿರುಗಣಿಯ ಹಾಗೆ. ಮಡಿಚಲು, ಬಿಡಿಸಲು ಇರುವುದು. ಸುತ್ತ ತಿರುಗುವ ಕೆಲಸ ಸೊಂಟದ ಕೀಲಿನದು. ಪದ್ಮಾಸನದಲ್ಲಿ ಪಾದ ತೊಡೆಯ ಮೇಲೆ ಬರಬೇಕಾದರೆ ತೊಡೆ ಸೊಂಟದ ಬುಡದಿಂದ ಹೊರಕ್ಕೆ ಹೊರಳಬೇಕು. ಸೊಂಟ ಬಿಗಿಯಿದ್ದವರು ಕೈಯಿಂದ ಪಾದವನ್ನು ಎಳೆದಾಗ ಆ ತಿರುಚು ಮಂಡಿಯ ಮೇಲೆ ಬೀಳುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯಾಗಿ ಕೂತ ಅರ್ಧಚಂದ್ರದಂಥ ಎರಡು ಬಿಲ್ಲೆಗಳು ಹೀಗೇ ಹರಿಯುತ್ತವೆ. ವಯಸ್ಸಾದಂತೆ ಅವು ಇನ್ನಷ್ಟು ಸುಲಭವಾಗಿ ಹರಿಯುತ್ತವೆ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಸೊಂಟಕ್ಕಿಂತ ಎತ್ತರದಲ್ಲಿದ್ದರೆ ಕುಂಡೆಯಡಿ ಇನ್ನೊಂದು ಕಂಬಳಿ ಬೇಕೆಂದು ಅರ್ಥ. ಮಂಡಿಯಡಿ ದಿಂಬುಗಳ ಆಸರೆ ಇರಲಿ. ಅದೂ ಆಗದಿದ್ದರೆ ಪ್ರಾಣಾಯಾಮವನ್ನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಮಾಡಬಹುದು. ಉಸಿರಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಕೊನೆಗೆ ಮಲಗಿ ಮಾಡುವ ಆಸನಗಳು. ಅಂಗಾಲಿಗೆ ಸೀರೆಯ ಪಟ್ಟಿ ಸಿಕ್ಕಿಸಿ, ಒಂದೊಂದೇ ಕಾಲನ್ನು ಮೇಲೆತ್ತಿ, ತೊಡೆಯ ಹಿಂಭಾಗ ಹಿಗ್ಗುವಷ್ಟು ಮಾತ್ರ ಎಳೆಯುತ್ತಾರೆ. ಆಮೇಲೆ ಪಾದಗಳನ್ನು ಊರಿ ಸೊಂಟ ಎತ್ತುವ ಸೇತುಬಂಧ. ಕುಂಡೆಯ ಸ್ನಾಯು ಬಿಗಿಯಾಗುವುದು ಬಟ್ಟೆಯ ಮೇಲೂ ಕಾಣುತ್ತದೆ. ಎರಡು ಬಗೆಯ ನೋವನ್ನು ಟೀಚರಮ್ಮ ಈಗ ಚೆನ್ನಾಗಿ ಬಲ್ಲರು. ತೊಡೆಯ ಉದ್ದಕ್ಕೂ ಹರಡಿದ ಮಂದ ಎಳೆತವಾದರೆ ಸರಿ. ಕೀಲಿನ ಒಳಗೇ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಯೋಗ ಮುಗಿದು ಎರಡು ಗಂಟೆ ಕಳೆದರೂ ಮಂಡಿ ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೆ ಆ ದಿನ ಅತಿಯಾಯಿತೆಂದು ಲೆಕ್ಕ. ಮರುದಿನ ಕಡಿಮೆ ಮಾಡುತ್ತಾರೆ.

ಮಂಡಿ ನೋಯುವವರಲ್ಲಿ ಟೀಚರಮ್ಮ ಒಂಟಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಲೋಕದಲ್ಲಿ ಸುಮಾರು 52.8 ಕೋಟಿ ಜನರಿಗೆ ಕೀಲು ಸವೆತವಿತ್ತು. ಅವರಲ್ಲಿ 36.5 ಕೋಟಿ ಜನರಿಗೆ ಸವೆದದ್ದು ಮಂಡಿಯೇ. ಕೀಲು ಸವೆದವರಲ್ಲಿ ಶೇ 60ರಷ್ಟು ಹೆಂಗಸರು. ಮೈಭಾರ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಸವೆದ ಮೃದ್ವಸ್ಥಿಯನ್ನು ಯಾವ ಆಸನವೂ ಮತ್ತೆ ಬೆಳೆಸುವುದಿಲ್ಲ; ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ತೊಡೆಗೆ ಬಲ ಬಂದು, ಸೊಂಟ ಸಡಿಲಾದರೆ, ಅದೇ ಮಂಡಿಯಲ್ಲಿ ನೋವು ಕಡಿಮೆಯಾಗಿ ಓಡಾಟ ಸಲೀಸಾಗುತ್ತದೆ. ಟೀಚರಮ್ಮ ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ತಾವೇ ನಡೆದು ಬರುವುದನ್ನು ಈ ಬೀದಿಯವರೆಲ್ಲ ನೋಡುತ್ತಿದ್ದಾರೆ.

ನಿಮ್ಮ ಮಂಡಿಯೂ ನೋಯುತ್ತಿದ್ದರೆ ನನ್ನದೊಂದು ಮಾತು. ಮಂಡಿ ಊದಿ ಕೆಂಪಗೆ ಬಿಸಿಯಾಗಿದ್ದರೆ, ಜೊತೆಗೆ ಜ್ವರವಿದ್ದರೆ, ಮಡಿಚಿದ ಕಾಲು ಬಿಡಿಸಲಾಗದೆ ಸಿಕ್ಕಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುವಂತಾಗುತ್ತಿದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಕಳೆದರೂ ಬಿಡದಿದ್ದರೆ ಚಾಪೆ ಹಾಸುವ ಮೊದಲು ವೈದ್ಯರನ್ನು ಕಾಣಿ. ಮಂಡಿಯ ಶಸ್ತ್ರಚಿಕಿತ್ಸೆಯಾದವರು ತಮ್ಮ ವೈದ್ಯರನ್ನು ಕೇಳದೆ ಮಂಡಿಯೂರಬೇಡಿ. ಇವೊಂದೂ ಇಲ್ಲದವರು ಗೋಡೆಗೆ ಒಂದು ಗಟ್ಟಿ ಕುರ್ಚಿ ಒರಗಿಸಿ, ಮನೆಯಲ್ಲಿರುವ ಟವೆಲನ್ನೇ ಸುರುಳಿ ಸುತ್ತಿ, ನಾಳೆಯೇ ಶುರು ಮಾಡಿ. ಮೊದಲ ತಿಂಗಳು ಒಬ್ಬ ತಿಳಿದ ಗುರುಗಳ ಕಣ್ಣೆದುರಿಗೆ ಮಾಡಿದರೆ ಇನ್ನೂ ಒಳ್ಳೆಯದು.